ತಿನ್ನದವನ ಸಕ್ಕರೆ

ಅಕ್ಕ ತಮ್ಮನ ಕೆನ್ನೆಗೆ ಹೊಡೆದದ್ದು ಒಂದು ಖಾಲಿ ಬಿಸ್ಕತ್ತಿನ ಪೊಟ್ಟಣಕ್ಕಾಗಿ. ಆಗ ಅವಳಿಗೆ ನಲವತ್ತೇಳು ವರ್ಷ, ಅವನಿಗೆ ನಲವತ್ತು. ಬೈಂಡಿಂಗ್ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. ಹೊಲಿಗೆಯಮ್ಮ ಪುಸ್ತಕದ ಹಾಳೆಗಳಿಗೆ ದಾರ ಹಾಕುತ್ತ ಕೂತಿದ್ದಳು. ಎಲ್ಲರ ಎದುರಿಗೇ ಹೊಡೆದಳು.

"ರದ್ದಿ ಬುಟ್ಟಿಯಲ್ಲಿ ಹಾಕಿದ್ರೆ ನನ್ನ ಕಣ್ಣಿಗೆ ಬೀಳಲ್ಲ ಅಂದ್ಕೊಂಡ್ಯೇನೋ?"

"ನಾನು ತಿಂದಿಲ್ಲ ಅಕ್ಕ."

"ಹಾಗಾದ್ರೆ ಗೋಡೆ ತಿಂತಾ?"

ತಮ್ಮ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಅಂಟಿನ ಬ್ರಷ್ಷನ್ನು ತಟ್ಟೆಯ ಅಂಚಿಗೆ ಒರಸಿ ಇಟ್ಟು, ಮೆಟ್ಟಿಲು ಹತ್ತಿ ಮೇಲಕ್ಕೆ ಹೋದ. ಮೆಟ್ಟಿಲಿರುವುದು ಹದಿನಾಲ್ಕು. ಏಳನೆಯದರಲ್ಲಿ ನಿಂತು ಉಸಿರು ತೆಗೆದುಕೊಂಡದ್ದು ಕೆಳಗಿದ್ದವರಿಗೆಲ್ಲ ಕೇಳಿಸಿತು.

ಇದಕ್ಕೆ ಎರಡು ವರ್ಷ ಹಿಂದಿನಿಂದ ಕಥೆ ಹೇಳಬೇಕು. ಅಂಗಡಿ ಅಪ್ಪನ ಕಾಲದ್ದು. ಕೆಳಗೆ ಕೆಲಸ, ಮೇಲೆ ಎರಡು ಕೋಣೆಯ ಮನೆ. ಕಚೇರಿಗಳ ದಪ್ಪ ರಿಜಿಸ್ಟರುಗಳು, ಲೈಬ್ರರಿಯ ಬೆನ್ನು ಮುರಿದ ಪುಸ್ತಕಗಳು, ಓದುವವರ ಪ್ರಬಂಧಗಳು ಎಲ್ಲವೂ ಇಲ್ಲಿಗೆ ಬರುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಅಕ್ಕ ತಮ್ಮನ ಜೊತೆಗೇ ಬಂದು ನೆಲೆಸಿದ್ದಳು. ತಮ್ಮ ಹುಟ್ಟಾ ಕಡ್ಡಿ ಮೈಯವನು. ಓಣಿಯವರು ಅವನಿಗೆ ಇಟ್ಟ ಹೆಸರು ದಬ್ಬಳ. ಮದುವೆಯ ಮಾತೆತ್ತಿದರೆ, "ಈ ದಬ್ಬಳಕ್ಕೆ ದಾರ ಪೋಣಿಸೋರು ಯಾರು ಬಿಡಿ" ಎಂದು ತಾನೇ ಎಲ್ಲರಿಗಿಂತ ಮೊದಲು ನಗುತ್ತಿದ್ದ. ಸಿಹಿ ಕಂಡರೆ ಮಾತ್ರ ಅವನಿಗೆ ಪ್ರಾಣ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕಿ ಅಮ್ಮನಿಂದ ಏಟು ತಿಂದದ್ದಕ್ಕೆ ಲೆಕ್ಕವಿರಲಿಲ್ಲ. ಸಕ್ಕರೆ ಕಳ್ಳನೆಂಬ ಹೆಸರು ಅವನ ಬೆನ್ನು ಬಿಟ್ಟಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವನಿಗೆ ಬಾಯಾರಿಕೆ ಶುರುವಾಯಿತು. ಕೊಡದ ನೀರು ಸಂಜೆಯೊಳಗೆ ಖಾಲಿ. ಓಣಿಯ ಕೊನೆಯಲ್ಲಿದ್ದ ಡಾಕ್ಟರು ಅಪ್ಪನ ಕಾಲದಿಂದಲೂ ಮನೆಗೆ ಬೇಕಾದವರು; ಬಾಯಿ ಜೋರು, ಕೈ ಮೃದು. ರಕ್ತ ಪರೀಕ್ಷೆ ಮಾಡಿಸಿ, "ನಲವತ್ತರ ಹತ್ತಿರ ಬಂದೆಯಲ್ಲಪ್ಪಾ, ಸಕ್ಕರೆ ಕಾಯಿಲೆ ಬಾಗಿಲು ತಟ್ಟೋ ವಯಸ್ಸು. ಬಾಯಿ ಕಟ್ಟು, ಕಾಲು ಬಿಚ್ಚು, ಅಷ್ಟೇ" ಅಂದರು. ಒಂದು ಮಾತ್ರೆ ಬರೆದುಕೊಟ್ಟರು. ತಮ್ಮ ಬಾಯಿ ಕಟ್ಟಿದ. ದಿನಾ ಬೆಳಿಗ್ಗೆ ಕೆರೆಯ ಸುತ್ತ ನಡೆದ. ಎಂಟು ತಿಂಗಳು ಎಲ್ಲ ಹೇಳಿದಂತೆ ಕೇಳಿತು. ಡಾಕ್ಟರು ಬಂದ ರೋಗಿಗಳಿಗೆಲ್ಲ, "ದಬ್ಬಳನ್ನ ನೋಡಿ ಕಲೀರಿ" ಅನ್ನುತ್ತಿದ್ದರು.

ಆಮೇಲೆ ಸಕ್ಕರೆ ತಿರುಗಿಬಿತ್ತು. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಅನ್ನ ಅರ್ಧವಾಯಿತು, ಅರ್ಧ ಕಾಲಾಯಿತು. ಸಕ್ಕರೆ ಮಾತ್ರ ಏರುತ್ತಲೇ ಹೋಯಿತು, ತಮ್ಮ ಇಳಿಯುತ್ತಲೇ ಹೋದ. ಬೆಲ್ಟಿಗೆ ಹೊಸ ತೂತು ಬೇಕೆಂದಾಗ ಅಂಗಡಿಯ ದಬ್ಬಳದಲ್ಲೇ ಚುಚ್ಚಿಕೊಳ್ಳುತ್ತಿದ್ದ. ಮೂರನೆಯ ತೂತು ಚುಚ್ಚಿದ ದಿನ ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲೆ ಬಿಸಾಕಿದರು.

"ನೋಡಮ್ಮಾ, ನನ್ನ ಮೂವತ್ತೈದು ವರ್ಷದ ಅನುಭವ. ರೋಗಿ ಸುಳ್ಳು ಹೇಳಬಹುದು, ರಕ್ತ ಹೇಳಲ್ಲ. ಇವನು ಕದ್ದು ತಿಂತಿದ್ದಾನೆ. ನೀವು ಕಾವಲಿದ್ದೂ ಹೀಗಾದ್ರೆ ಇನ್ನು ಆ ದೇವರೇ ಕಾಯಬೇಕು."

ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಇರುವ ಒಬ್ಬ ತಮ್ಮ ಕಣ್ಣೆದುರೇ ಕರಗುತ್ತಿದ್ದಾನೆ. ಅದೂ ತನ್ನ ಬಾಯಿ ಚಪಲಕ್ಕೆ! ಅಡುಗೆಮನೆಯ ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಬೈಂಡಿಂಗ್ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಕಾಗದದ ವ್ಯಾಪಾರಿಗೆ ಹೇಳಿದಳು, ಎದುರಿನ ಚಹಾದ ಅಂಗಡಿಯವನಿಗೆ ಹೇಳಿದಳು. ಇಡೀ ಓಣಿ ಅವನ ಬಾಯಿಗೆ ಕಾವಲು ಕೂತಿತು. ಅವನ ಅಂಗಿಯ ಜೇಬು ಮೂಸುತ್ತಿದ್ದಳು, ಹಾಸಿಗೆ ಎತ್ತಿ ನೋಡುತ್ತಿದ್ದಳು. ಏನೂ ಸಿಗದಿದ್ದರೆ, ಎಷ್ಟು ಜಾಣತನದಿಂದ ಮುಚ್ಚಿಡುತ್ತಾನೆ ನೋಡು ಎಂದು ಇನ್ನಷ್ಟು ಉರಿದುಕೊಳ್ಳುತ್ತಿದ್ದಳು. ಕೊನೆಗೆ ಆ ಖಾಲಿ ಪೊಟ್ಟಣ ಸಿಕ್ಕಿತು.

ಹೊಡೆದ ಮಾರನೆಯ ದಿನ ಹೊಲಿಗೆಯಮ್ಮ ಅಕ್ಕನ ಹತ್ತಿರ ಬಂದು ನಿಂತಳು. "ಆ ಬಿಸ್ಕತ್ತು ನಾನು ತಿಂದಿದ್ದು. ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದೆ. ನಿನ್ನೆಯೇ ಹೇಳಬೇಕಿತ್ತು. ನಿಮ್ಮ ಮುಖ ನೋಡಿ ಬಾಯಿ ಬರಲಿಲ್ಲ."

ಅಕ್ಕನಿಗೆ ನೆಲ ಕುಸಿದಂತಾಯಿತು. ಆದರೆ ಸೋಲೊಪ್ಪುವ ಜಾಯಮಾನ ಅವಳದಲ್ಲ. ಪೊಟ್ಟಣ ಅವನದಲ್ಲ, ಸರಿ. ಸಕ್ಕರೆ ಅವನದೇ ತಾನೆ? ಹಾಗೆಂದು ಮೇಲೆ ಹೋಗಿ ನೋಡಿದರೆ ತಮ್ಮ ಕಿಟಕಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

"ಅಕ್ಕ, ಒಂದು ಕೆಲಸ ಮಾಡು. ಈ ಕೋಣೆಗೆ ಬೀಗ ಹಾಕು. ನಾಲ್ಕು ದಿನ. ನೀನು ಕೊಟ್ಟಿದ್ದು ಬಿಟ್ರೆ ನೀರು ಮಾತ್ರ. ಬಚ್ಚಲಿಗೆ ಹೋಗುವಾಗಲೂ ನೀನೇ ಬಾಗಿಲಲ್ಲಿ ನಿಲ್ಲು. ಆಮೇಲೆ ರಕ್ತ ನೋಡು. ಆಗಲೂ ಏರಿದ್ರೆ ಏನು ಮಾಡ್ತೀಯೋ ಮಾಡು."

ಅಕ್ಕ ಬೀಗ ಹಾಕಿದಳು. ಮನುಷ್ಯರ ಮೇಲೆ ಬೀಗ ಹಾಕುವುದು ಎಷ್ಟು ಸುಲಭ ಎಂದು ಅವಳಿಗೆ ಆಶ್ಚರ್ಯವಾಯಿತು. ಕಾಗದದ ವ್ಯಾಪಾರಿಯ ಮನೆಯಿಂದ ಬೆರಳು ಚುಚ್ಚಿ ನೋಡುವ ಯಂತ್ರ ತಂದಳು. ಬೆಳಿಗ್ಗೆ ಎರಡು ತುಂಡು ಬ್ರೆಡ್ಡು, ಮಧ್ಯಾಹ್ನ ಒಂದು ಹಿಡಿ ಅನ್ನ ಮತ್ತು ಬೇಯಿಸಿದ ತರಕಾರಿ, ಸಂಜೆ ಸಾರು. ತಾನೂ ಅಷ್ಟನ್ನೇ ತಿಂದಳು. ಎರಡನೆಯ ದಿನಕ್ಕೇ ಅವಳ ಕಣ್ಣು ಕತ್ತಲಿಡತೊಡಗಿತು. ಇವನು ಇದರಲ್ಲಿ ತಿಂಗಳುಗಟ್ಟಲೆ ಹೇಗೆ ಬದುಕಿದ್ದಾನೆ ಎಂದು ಮೊದಲ ಬಾರಿಗೆ ಯೋಚಿಸಿದಳು.

ಮೊದಲ ಬೆಳಿಗ್ಗೆ ಇನ್ನೂರ ತೊಂಬತ್ತು ಇತ್ತು. ಎರಡನೆಯ ಬೆಳಿಗ್ಗೆ ಮುನ್ನೂರ ಹದಿನೆಂಟು. ಮೂರನೆಯ ದಿನ ಮುನ್ನೂರ ಅರವತ್ತು ದಾಟಿತು. ನಾಲ್ಕನೆಯ ದಿನ ನಾನೂರ ಎರಡು ತೋರಿಸಿದಾಗ ಅಕ್ಕ ಯಂತ್ರವನ್ನು ಅಲ್ಲಾಡಿಸಿದಳು, ಪಟ್ಟಿ ಬದಲಿಸಿದಳು, ತನ್ನ ಬೆರಳನ್ನೇ ಚುಚ್ಚಿಕೊಂಡಳು. ಅವಳದು ತೊಂಬತ್ತೊಂದು. ಯಂತ್ರ ಸರಿಯಾಗಿಯೇ ಇತ್ತು.

ಬೀಗದ ಕೈ ತನ್ನ ಕೊರಳಲ್ಲೇ ಇದೆ. ಹಾಗಾದರೆ ಕಳ್ಳ ಯಾರು?

"ಈಗಾದ್ರೂ ನಂಬ್ತೀಯಾ?" ತಮ್ಮ ಕೇಳಿದ. ಗೆದ್ದ ದನಿಯಾಗಿರಲಿಲ್ಲ ಅದು. ಗೆದ್ದರೂ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಅಕ್ಕ ನಾಲ್ಕು ದಿನದ ಅಂಕಿ ಬರೆದ ಚೀಟಿ ಹಿಡಿದು ಓಣಿಯ ಕೊನೆಗೆ ಓಡಿದಳು. ಡಾಕ್ಟರು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ಕಿಟಕಿ ಇದೆಯಲ್ಲಮ್ಮಾ ಕೋಣೆಗೆ?"

"ಇದೆ. ಅದಕ್ಕೆ ಕಂಬಿಯೂ ಇದೆ. ಬಾಗಿಲಿಗೆ ಬೀಗ ಹಾಕಿದ್ದೋಳು ನಾನು ಡಾಕ್ಟ್ರೇ. ನನ್ನ ತಮ್ಮ ತಿಂದಿಲ್ಲ. ನಾನು ಆಣೆ ಮಾಡ್ತೀನಿ."

"ಆಣೆಗೆ ಸಕ್ಕರೆ ಇಳಿಯಲ್ಲ" ಎಂದು ಅವರು ನಾಲ್ಕನೆಯ ಮಾತ್ರೆ ಬರೆದರು. ಆದರೆ ಬರೆಯುವಾಗ ಒಂದು ಗಳಿಗೆ ಪೆನ್ನು ನಿಂತದ್ದನ್ನು ಅಕ್ಕ ನೋಡಿದಳು.

ಮನೆಗೆ ಬರುವಷ್ಟರಲ್ಲಿ ತಮ್ಮ ವಾಂತಿ ಮಾಡಿಕೊಂಡು ನೆಲದ ಮೇಲೆ ಮಲಗಿದ್ದ. ಹೊಟ್ಟೆ ಹಿಡಿದುಕೊಂಡಿದ್ದ. ಉಸಿರು ತಿದಿಯೊತ್ತಿದ ಹಾಗೆ ಆಳದಿಂದ ಬರುತ್ತಿತ್ತು. ಕೊಳೆತ ಹಣ್ಣಿನಂಥ ವಾಸನೆ ಬೇರೆ. ಅಕ್ಕ ಕೂಗಿದ ಕೂಗಿಗೆ ಹೊಲಿಗೆಯಮ್ಮ ದಾರದ ಉಂಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಕಾಗದದ ವ್ಯಾಪಾರಿ ತನ್ನ ವ್ಯಾನಿನಿಂದ ಕಾಗದದ ಕಟ್ಟುಗಳನ್ನು ಬೀದಿಗೆ ಎಸೆದು ಜಾಗ ಮಾಡಿದ. ಇಬ್ಬರು ಹೆಂಗಸರೇ ತಮ್ಮನನ್ನು ಎತ್ತಿ ಇಳಿಸಿದರು. ಅವನು ಅಷ್ಟು ಹಗುರವಾಗಿದ್ದ.

ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಅವನ ಕೈಗೆ ನಳಿಕೆ, ಅದರಲ್ಲಿ ಇನ್ಸುಲಿನ್, ನೀರು, ಉಪ್ಪು. ಅಕ್ಕ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ದೇವರನ್ನು ಕರೆಯಲೂ ಅವಳಿಗೆ ಮುಖವಿರಲಿಲ್ಲ. ಅವನು ಸತ್ತರೆ ತಾನು ಕೊನೆಯದಾಗಿ ಕೊಟ್ಟದ್ದು ಒಂದು ಹಿಡಿ ಅನ್ನ ಮತ್ತು ಒಂದು ಏಟು. ಇದೊಂದೇ ತಲೆಯಲ್ಲಿ ಗಾಣದ ಹಾಗೆ ತಿರುಗುತ್ತಿತ್ತು.

ಮೂರನೆಯ ದಿನ ವಾರ್ಡಿನ ಡಾಕ್ಟರಮ್ಮ ಬಂದು ಅವಳ ಪಕ್ಕದಲ್ಲೇ ಕೂತರು. ಮೂವತ್ತು ದಾಟಿರದ ಹೆಂಗಸು, ಕಿವಿಯ ಸಂದಿಯಲ್ಲಿ ಪೆನ್ನು.

"ಗಂಡಾಂತರ ಕಳೀತು. ಈಗ ಸ್ವಲ್ಪ ವಿಷಯ ಕೇಳಬೇಕು. ನಿಮ್ಮ ತಮ್ಮ ಯಾವಾಗಲೂ ಹೀಗೆ ಸಣ್ಣಗೇ ಇದ್ರಾ?"

"ಹುಟ್ಟಿದಾಗಿನಿಂದ."

"ಮನೇಲಿ ಯಾರಿಗಾದ್ರೂ ಥೈರಾಯ್ಡ್ ತೊಂದರೆ?"

"ನನಗಿದೆ. ಹದಿನೈದು ವರ್ಷದಿಂದ ಮಾತ್ರೆ ನುಂಗ್ತೀನಿ. ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?"

"ತೊನ್ನು ಇದ್ದವರು?"

"ನಮ್ಮಮ್ಮನಿಗೆ ಕೈ ಮೇಲೆ, ತುಟಿ ಹತ್ತಿರ ಇತ್ತು."

ಡಾಕ್ಟರಮ್ಮ ತಲೆಯಾಡಿಸಿದರು. "ನಮ್ಮ ಮೈಯಲ್ಲಿ ಕಾವಲುಗಾರರು ಇರ್ತಾರೆ. ಹೊರಗಿಂದ ಬಂದ ರೋಗಾಣುಗಳನ್ನ ಹೊಡೆಯೋದು ಅವರ ಕೆಲಸ. ಕೆಲವು ಮನೆತನದಲ್ಲಿ ಈ ಕಾವಲುಗಾರರಿಗೆ ಗುರುತು ತಪ್ಪೋದು ಜಾಸ್ತಿ. ಮನೆಯವರನ್ನೇ ಕಳ್ಳರು ಅಂದ್ಕೊಂಡು ಹೊಡೀತಾರೆ. ನಿಮ್ಮಲ್ಲಿ ಥೈರಾಯ್ಡಿಗೆ ಹೊಡೆದಿರಬಹುದು, ನಿಮ್ಮಮ್ಮನಲ್ಲಿ ಚರ್ಮದ ಬಣ್ಣಕ್ಕೆ. ನಿಮ್ಮ ತಮ್ಮನಲ್ಲಿ ಇನ್ಸುಲಿನ್ ತಯಾರಿಸೋ ಜೀವಕೋಶಗಳಿಗೇ ಹೊಡೀತಿದ್ದಾರೆ ಅಂತ ನನ್ನ ಅನುಮಾನ."

ಅಕ್ಕ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು.

"ಇನ್ಸುಲಿನ್ನೇ ಇಲ್ಲದ ಸಕ್ಕರೆ ಕಾಯಿಲೆ ಮಕ್ಕಳಿಗೆ ಬರೋದು ಅಂತ ಕೇಳಿದ್ದೆ."

"ದೊಡ್ಡವರಿಗೂ ಬರುತ್ತೆ. ಆದ್ರೆ ನಿಧಾನ. ಮೊದಮೊದಲು ಒಂದಷ್ಟು ಇನ್ಸುಲಿನ್ ಉಳಿದಿರುತ್ತೆ, ಅದಕ್ಕೇ ಮಾತ್ರೆ ಕೆಲಸ ಮಾಡಿದ ಹಾಗೆ ಕಾಣುತ್ತೆ. ಎಲ್ಲರೂ ಮಾಮೂಲಿ ಸಕ್ಕರೆ ಕಾಯಿಲೆ ಅಂದ್ಕೊಳ್ತಾರೆ. ರಕ್ತದಲ್ಲಿ ಆ ಗುರುತು ತಪ್ಪಿದ ಕಾವಲಿನ ಸುಳಿವು ಸಿಗುತ್ತೆ, ಆಂಟಿಬಾಡಿ ಅಂತೀವಿ. ಜಿಎಡಿ ಆಂಟಿಬಾಡಿ ಪರೀಕ್ಷೆಗೆ ಇವತ್ತು ರಕ್ತ ಕಳಿಸ್ತೀನಿ."

"ಎರಡು ವರ್ಷದಲ್ಲಿ ಎಷ್ಟು ಸಲ ರಕ್ತ ಕೊಟ್ಟಿದಾನೆ ತಾಯಿ! ಒಂದರಲ್ಲೂ ಕಾಣಲಿಲ್ವೇ?"

"ಸಕ್ಕರೆ ಎಷ್ಟಿದೆ ಅಂತ ಕೇಳಿದ್ರು. ಯಾಕಿದೆ ಅಂತ ಯಾರೂ ಕೇಳಿರಲಿಲ್ಲ."

ಅಕ್ಕನಿಗೆ ಇನ್ನೊಂದು ಮಾತು ಕೇಳಬೇಕಿತ್ತು, ಕೇಳಲು ಭಯ. ಕೊನೆಗೆ ಕೇಳಿದಳು. "ನಾಲ್ಕು ದಿನ ಬೀಗ ಹಾಕಿ ಅರೆಹೊಟ್ಟೆ ಇಟ್ಟಿದ್ದೆ. ಆಗಲೂ ಏರ್ತಲ್ಲ?"

ಡಾಕ್ಟರಮ್ಮ ಅವಳ ಮುಖ ನೋಡಿ ಹೇಳಿದರು. "ಊಟ ಇಲ್ಲದಿದ್ರೂ ನಮ್ಮ ಲಿವರ್ ತಾನೇ ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತೆ. ಅದನ್ನ ತಡೆಯೋದು ಇನ್ಸುಲಿನ್. ಅದೇ ಇಲ್ಲದಿದ್ರೆ ಸಕ್ಕರೆ ಏರ್ತಾನೇ ಹೋಗುತ್ತೆ. ಆ ಸಕ್ಕರೆ ಮೈಗೆ ಸೇರಲ್ಲ, ಮೈ ತನ್ನ ಕೊಬ್ಬನ್ನ, ಮಾಂಸವನ್ನ ಸುಟ್ಕೊಳ್ಳುತ್ತೆ. ಹಸಿವು ಅವರಿಗೆ ಔಷಧಿ ಆಗಿರಲಿಲ್ಲಮ್ಮಾ."

ಫಲಿತಾಂಶಕ್ಕೆ ಆರು ದಿನ ಹಿಡಿಯಿತು. ಇನ್ಸುಲಿನ್ ಸೇರಿದ ಮೈ ಒಣಗಿದ ಗಿಡಕ್ಕೆ ನೀರು ಬಿದ್ದಂತೆ ದಿನದಿನಕ್ಕೂ ತಲೆಯೆತ್ತುತ್ತಿತ್ತು. ತಮ್ಮ ಹಸಿವಿನಿಂದ ಉಣ್ಣುತ್ತಿದ್ದ, ಆದರೆ ಅಕ್ಕ ಬಂದರೆ ಚಮಚ ಕೆಳಗಿಡುತ್ತಿದ್ದ. ಅದನ್ನು ನೋಡಿ ಅಕ್ಕ ಊಟದ ಹೊತ್ತಿಗೆ ವಾರ್ಡಿಗೆ ಹೋಗುವುದನ್ನೇ ಬಿಟ್ಟಳು.

ರಕ್ತ ಕಳಿಸಿದ ಏಳನೆಯ ದಿನ ಡಾಕ್ಟರಮ್ಮ ಕಾಗದ ಹಿಡಿದು ಬಂದರು. ಆಂಟಿಬಾಡಿ ಇದ್ದವು, ಇರಬೇಕಾದ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಇನ್ನು ಮಾತ್ರೆಯ ಮಾತಿಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಬದುಕಿರುವವರೆಗೆ. ಅಕ್ಕ ಕೇಳಿದಳು, "ಮೊದಲೇ ಈ ಪರೀಕ್ಷೆ ಮಾಡಿಸಿದ್ರೆ?"

"ಕಾಯಿಲೆ ತಪ್ತಿರಲಿಲ್ಲ. ಇಲ್ಲಿಗೆ ಈ ಸ್ಥಿತಿಯಲ್ಲಿ ಬರೋದು ತಪ್ತಿತ್ತು."

ತಮ್ಮ ಕಾಗದವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ಡಾಕ್ಟ್ರೇ, ಇದರಲ್ಲಿ ನಾನು ತಿಂದಿಲ್ಲ ಅಂತ ಎಲ್ಲಿ ಬರೆದಿದೆ?"

ಡಾಕ್ಟರಮ್ಮ ನಗಲು ಹೊರಟವರು ಅವನ ಕಣ್ಣು ನೋಡಿ ನಿಂತರು. ಕಿವಿಯಿಂದ ಪೆನ್ನು ತೆಗೆದು ಕಾಗದದ ಕೆಳಗೆ ಕೈಯಾರೆ ಬರೆದರು: 'ಇದು ರೋಗಿ ಪಥ್ಯ ಮೀರಿದ್ದರಿಂದ ಬಂದ ಕಾಯಿಲೆಯಲ್ಲ.' ಕೆಳಗೆ ಸಹಿ ಹಾಕಿದರು. ತಮ್ಮ ಅದನ್ನು ಎರಡು ಸಲ ಓದಿ, ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಹೊದಿಕೆ ಬಹಳ ಹೊತ್ತು ಅಲುಗುತ್ತಿತ್ತು. ಅಕ್ಕ ಮಂಚದ ಕಂಬಿ ಹಿಡಿದು ನಿಂತೇ ಇದ್ದಳು. ಮುಟ್ಟುವ ಧೈರ್ಯ ಬರಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಒಂದು ಬೆಳಿಗ್ಗೆ ಚುಚ್ಚಿಕೊಂಡ ಇನ್ಸುಲಿನ್ ಹೆಚ್ಚಾಗಿ, ತಿಂದ ತಿಂಡಿ ಕಡಿಮೆಯಾಗಿ, ಕತ್ತರಿಸುವ ಯಂತ್ರದ ಮುಂದೆ ತಮ್ಮ ಬೆವೆತು ತೊಪ್ಪೆಯಾದ. ಕೈ ನಡುಗಿತು, ಮಾತು ತೊದಲಿತು. ಹೀಗಾದರೆ ಕೂಡಲೇ ಸಕ್ಕರೆ ಕೊಡಬೇಕೆಂದು ಆಸ್ಪತ್ರೆಯಲ್ಲಿ ಹತ್ತು ಸಲ ಹೇಳಿದ್ದರು. ಅಕ್ಕ ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ ಲೋಟವನ್ನು ಅವನ ತುಟಿಗೆ ಹಿಡಿದಳು. ತಮ್ಮ ಮುಖ ತಿರುಗಿಸಿದ. ಕಣ್ಣು ತೆರೆದಿದ್ದವು, ಆದರೆ ಅವಳ ಗುರುತಿರಲಿಲ್ಲ.

"ಬೇಡ. ಅಕ್ಕ ಬೈತಾಳೆ."

"ನಾನೇ ಕಣೋ ಅಕ್ಕ. ನಾನೇ ಕೊಡ್ತಿದೀನಿ. ಕುಡಿಯೋ ನನ್ನಪ್ಪಾ."

"ಬೇಡ. ಹೊಡೀತಾಳೆ. ನಾನು ತಿಂದಿಲ್ಲ."

ಅಕ್ಕ ಅವನ ಕಾಲು ಹಿಡಿದಳು. ಹೊಲಿಗೆಯಮ್ಮ ಕೆಲಸ ಎಸೆದು ಬಂದು, "ನಾನು ಕೊಡ್ತೀನಪ್ಪಾ, ನಿಮ್ಮಕ್ಕನಿಗೆ ಹೇಳಲ್ಲ" ಎಂದು ಗುಟುಕು ಗುಟುಕಾಗಿ ಕುಡಿಸಿದಳು. ಹತ್ತು ನಿಮಿಷದಲ್ಲಿ ಅವನಿಗೆ ಎಚ್ಚರ ಬಂತು. ಆಡಿದ್ದು ಒಂದೂ ನೆನಪಿರಲಿಲ್ಲ. ಅಕ್ಕ ಹೇಳಲಿಲ್ಲ. ಹಿತ್ತಲಿಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು.

ಅದೇ ಸಂಜೆ ಹೇಳಿಯೇ ಬಿಟ್ಟಳು. "ಹೊಡೆದಿದ್ದು ನನ್ನ ತಪ್ಪು ಕಣೋ."

ತಮ್ಮ ರಿಜಿಸ್ಟರಿನ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದವನು ತಲೆಯೆತ್ತಲಿಲ್ಲ. "ಏಟು ಬಿಡು, ಚಿಕ್ಕಂದಿನಿಂದ ಅಭ್ಯಾಸ. ನೀನೂ ನಂಬಲಿಲ್ವಲ್ಲ, ಆಗ ನನಗೇ ನನ್ನ ಮೇಲೆ ಅನುಮಾನ ಬಂತು ಅಕ್ಕ. ನಿದ್ದೆಗಣ್ಣಲ್ಲಿ ಎದ್ದು ಏನಾದ್ರೂ ತಿಂತಿದೀನೇನೋ ಅಂತ. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಉಗುಳಿದ ನೀರಲ್ಲಿ ಚೂರು ಇದೆಯಾ ಅಂತ ಹುಡುಕ್ತಿದ್ದೆ."

 

ಮರುದಿನ ಅಕ್ಕ ರಿಪೋರ್ಟು ಹಿಡಿದು ಓಣಿಯ ಡಾಕ್ಟರ ಬಳಿ ಹೋದಳು. ಜಗಳಕ್ಕೆಂದೇ ಹೋದದ್ದು; ದಾರಿಯುದ್ದಕ್ಕೂ ಬೈಗುಳ ಹೊಸೆದುಕೊಂಡಿದ್ದಳು. ಡಾಕ್ಟರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರಸಿ ಮತ್ತೆ ಓದಿದರು. ಅವರು ಮೂರನೆಯ ಸಲ ಓದತೊಡಗಿದ್ದನ್ನು ಕಂಡು ಅವಳು ಬೈಯದೆ ಎದುರಿನ ಕುರ್ಚಿಯಲ್ಲಿ ಕೂತಳು.

"ಪುಸ್ತಕದಲ್ಲಿ ಓದಿದ್ದೆ ಕಣಮ್ಮಾ. ಇವನಲ್ಲಿ ಕಾಣಲಿಲ್ಲ" ಅಂದರು. ಆಮೇಲೆ ರೋಗಿಗಳ ಪುಸ್ತಕ ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಟಪಾಲು ಹಂಚೋ ಹೆಂಗಸು ಒಬ್ಬರಿದ್ದಾರೆ. ಅವರೂ ಹೀಗೇ ಸಣಕಲು. ಸಕ್ಕರೆ ಮೂರು ಮಾತ್ರೆಗೂ ಬಗ್ಗಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಎರಡು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ."

ಅಕ್ಕನ ಎದುರೇ ಫೋನು ಮಾಡಿದರು. ಅವರ ದನಿ ಕೇಳುತ್ತಲೇ ಆಚೆಯವರು ಇಟ್ಟುಬಿಟ್ಟರು. ಎರಡನೆಯ ಸಲ ಎತ್ತಲೇ ಇಲ್ಲ.

ಮನೆಗೆ ಬಂದು ಅಕ್ಕ ಇದನ್ನು ಹೇಳಿದಾಗ ತಮ್ಮ ಬ್ರಷ್ಷು ತೊಳೆದಿಟ್ಟು, ಅಂಗಿ ಬದಲಿಸಿಕೊಂಡು ಬಂದ. "ಮನೆ ಎಲ್ಲಂತೆ?"

"ನೀನ್ಯಾಕೋ? ಡಾಕ್ಟ್ರು ನೋಡ್ಕೊಳ್ತಾರೆ."

"ಡಾಕ್ಟ್ರ ಮಾತು ಅವರು ಕೇಳಲ್ಲ. ನಿನ್ನ ಮಾತೂ ಕೇಳಲ್ಲ."

ಇಬ್ಬರೂ ನಡೆದು ಹೋದರು. ಟಪಾಲಿನ ಹೆಂಗಸು ಬಾಗಿಲು ಅರ್ಧ ತೆರೆದು, ಪರಿಚಯವಿಲ್ಲದ ಮುಖಗಳನ್ನು ನೋಡಿ ಅಲ್ಲೇ ತಡೆದಳು. ಕತ್ತಿನ ಎಲುಬುಗಳು ಎಣಿಸುವಂತಿದ್ದವು. ತಮ್ಮ ಕಾಯಿಲೆಯ ಮಾತೇ ತೆಗೆಯಲಿಲ್ಲ. ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ ಕೂತು, "ರಸ್ತೆಯಲ್ಲಿ ನಡೀತಾ ಎಲ್ಲೆಲ್ಲಿ ನೀರು ಸಿಗುತ್ತೆ ಅಂತ ನಿಮಗೆ ಬಾಯಿಪಾಠ ಆಗಿರಬೇಕು ಅಲ್ವೇ?" ಎಂದು ಕೇಳಿದ.  ಅವಳು ಬಾಗಿಲು ಪೂರ್ತಿ ತೆಗೆದಳು.

ವಾರದೊಳಗೆ ಅವಳು ಪರೀಕ್ಷೆಗೆ ಹೋದಳು. ಅವಳ ರಕ್ತದಲ್ಲಿ ಆಂಟಿಬಾಡಿ ಸಿಗಲಿಲ್ಲ. ಸಣಕಲರೆಲ್ಲರದೂ ಒಂದೇ ಕಥೆಯಲ್ಲ ಎಂದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ. ಬೇರೆ ಕಾರಣ ಹುಡುಕಿ ಬೇರೆ ಚಿಕಿತ್ಸೆ ಶುರು ಮಾಡಿದರು. ಆದರೂ ಬಿಟ್ಟುಹೋದವಳು ತಿರುಗಿ ಬಂದಳಲ್ಲ. ಓಣಿಯ ಡಾಕ್ಟರು ಈಗ ಬೈಯುವ ಮೊದಲು ರೋಗಿಯ ಮೈ ನೋಡುತ್ತಾರೆ, ಮನೆಯವರ ಕಾಯಿಲೆ ಕೇಳುತ್ತಾರೆ ಎಂದು ಜನ ಹೇಳುತ್ತಾರೆ.

ತಮ್ಮ ದಿನಕ್ಕೆ ನಾಲ್ಕು ಸಲ ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಾನೆ, ತೂಕ ಮೊದಲಿನಷ್ಟಾಗಿದೆ, ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾನೆ. ಅಕ್ಕನ ಜೊತೆ ಮಾತು, ನಗು, ತಮಾಷೆ ಎಲ್ಲ ಇದೆ. ಊಟಕ್ಕೆ ಕೂತಾಗ ಮಾತ್ರ ತನ್ನ ತಟ್ಟೆಯನ್ನು ಅವಳಿಂದ ಸ್ವಲ್ಪ ಆಚೆಗೆ ತಿರುಗಿಸಿಕೊಳ್ಳುತ್ತಾನೆ. ಅವನಿಗೆ ಅದು ಗೊತ್ತಿಲ್ಲ. ಅಕ್ಕ ತಲೆ ತಗ್ಗಿಸಿ ತನ್ನ ತಟ್ಟೆಯನ್ನೇ ನೋಡುತ್ತ ಉಣ್ಣುತ್ತಾಳೆ.